ಕೂದಲು ಕಸಿ ಉಳಿಸುವ ಗಾಯದ ಕಲೆ: ಹಿಂದಲೆಯನ್ನು ದಿನವೂ ನೋಡುವವನ ಮಾತು

ತಿರುಪತಿಗೆ ಹೊರಟಿದ್ದ ಹುಡುಗನೊಬ್ಬ ಹಿಂದಿನ ಸಂಜೆ ನನ್ನ ಅಂಗಡಿಗೆ ಬಂದ. "ಕಾಕಾ, ನಾಳಿದ್ದು ಮುಡಿ ಕೊಡಬೇಕು. ಹಿಂದೆ ಹೊಲಿಗೆಯ ಗೆರೆ ಇದೆ. ಬ್ಲೇಡು ಆಡಿದರೆ ಏನೂ ಆಗುವುದಿಲ್ಲವಲ್ಲ?" ಎಂದ. ಬಾಚಣಿಗೆಯಿಂದ ಕೂದಲು ಎತ್ತಿ ನೋಡಿದೆ. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಿನವರೆಗೆ ಅರ್ಧ ಬೆರಳಗಲದ ಪಟ್ಟಿ. ನಡುವೆ ಅಗಲ, ತುದಿಗಳಲ್ಲಿ ಸಣ್ಣ. ಕೂದಲಿನ ಒಂದು ಬುಡವೂ ಇಲ್ಲದ, ನುಣ್ಣಗೆ ಹೊಳೆಯುವ ಚರ್ಮ. ಬೆರಳಿಟ್ಟರೆ ಗಟ್ಟಿ ಇರಲಿಲ್ಲ, ಮೆತ್ತಗೇ ಇತ್ತು. ಬ್ಲೇಡಿನಿಂದ ಅಪಾಯವಿಲ್ಲ, ಆದರೆ ಕೂರುವ ಮೊದಲೇ ಅಲ್ಲಿನವರಿಗೆ ಹೇಳು, ಕೈ ಹಗುರ ಇಡುತ್ತಾರೆ ಎಂದೆ. ಆಮೇಲೆ ಕೈಗನ್ನಡಿ ಹಿಡಿದು ತೋರಿಸಿದೆ. ಕೂದಲು ಕಸಿಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವರ್ಷ ಕಳೆದಿತ್ತು. ಆ ಗೆರೆಯನ್ನು ಅವನು ಸರಿಯಾಗಿ ನೋಡಿದ್ದು ಅಂದೇ. ಬಹಳ ಹೊತ್ತು ಮಾತಾಡಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ 26 ವರ್ಷಗಳಿಂದ ಕತ್ತರಿ ಹಿಡಿದಿದ್ದೇನೆ. ಕೂದಲು ನೆಡಿಸಿಕೊಂಡವರು ಕನ್ನಡಿಯಲ್ಲಿ ಹಣೆಯನ್ನು ನೋಡಿಕೊಳ್ಳುತ್ತಾರೆ. ಹಿಂದಲೆಯನ್ನು ನೋಡುವವನು ನಾನು. ನನ್ನ ಗಿರಾಕಿಯೊಬ್ಬರು ಚರ್ಮರೋಗ ವೈದ್ಯರು. ಹದಿನೈದು ದಿನಕ್ಕೊಮ್ಮೆ ಅವರು ಕುರ್ಚಿಯಲ್ಲಿ ಕೂತಾಗ ಕೇಳಿ ತಿಳಿದದ್ದನ್ನೂ ನಾನು ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಬೋಳಾದ ಮುಂದಲೆಗೆ ನೆಡುವ ಕೂದಲಿನ ಬುಡಗಳನ್ನು ಹಿಂದಲೆಯಿಂದ ತೆಗೆಯುತ್ತಾರೆ. ಅದಕ್ಕೆ ವಿಧಾನ ಎರಡು. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಚರ್ಮದ ಒಂದು ಪಟ್ಟಿಯನ್ನೇ ಕತ್ತರಿಸಿ ತೆಗೆದು, ಎರಡು ಅಂಚುಗಳನ್ನು ಎಳೆದು ಹೊಲಿಯುತ್ತಾರೆ. ಉಳಿಯುವುದು ಉದ್ದ ಗೆರೆ. ಎಫ್‌ಯುಇಯಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ದುಂಡು ಅಲಗಿನಿಂದ ಬುಡಗಳನ್ನು ಒಂದೊಂದಾಗಿ ಕೀಳುತ್ತಾರೆ. ಅಲ್ಲಿ ಗೆರೆಯಿಲ್ಲ, ಚುಕ್ಕೆಗಳಿವೆ. ಎರಡು ಸಾವಿರ ಬುಡ ತೆಗೆದರೆ ಎರಡು ಸಾವಿರ ಚುಕ್ಕೆ. ನಮ್ಮ ಕಡೆಯ ಕಪ್ಪು ಚರ್ಮದ ಮೇಲೆ ಜೀರೋ ಮಷಿನ್ ಆಡಿಸಿದರೆ ಗಸಗಸೆ ಚೆಲ್ಲಿದಂತೆ ಕಾಣುತ್ತದೆ. "ಕಲೆಯೇ ಉಳಿಯುವುದಿಲ್ಲ" ಎಂದು ಯಾರು ಹೇಳಿದರೂ ನಂಬಬೇಡಿ. ಅಲಗು ಚರ್ಮದ ಒಳಪದರಕ್ಕೆ ಇಳಿದ ಮೇಲೆ ಗುರುತು ಇದ್ದೇ ಇರುತ್ತದೆ.

ಹಾಗಾಗಿ ಮುಂಗಡ ಹಣ ಕಟ್ಟುವ ಮೊದಲು ಒಂದು ಲೆಕ್ಕ ಹಾಕಿ: ಜೀವನದಲ್ಲಿ ನಿಮ್ಮ ಕೂದಲು ಎಷ್ಟು ಗಿಡ್ಡವಾಗಬಹುದು? ಹರಕೆಯ ಮುಡಿ ಇದೆಯೇ, ಮನೆಯಲ್ಲಿ ಹಿರಿಯರು ತೀರಿಕೊಂಡರೆ ತಲೆ ಬೋಳಿಸುವ ಪದ್ಧತಿ ಇದೆಯೇ, ಪೊಲೀಸ್ ಅಥವಾ ಸೇನೆಯ ಕೆಲಸವೇ? ಮಷಿನ್ನಿನ ಒಂದನೇ ನಂಬರ್ ಗಾರ್ಡ್ ಸುಮಾರು 3 ಮಿ.ಮೀ. ಕೂದಲು ಬಿಡುತ್ತದೆ, ಎರಡನೆಯದು 6, ಮೂರನೆಯದು 10, ನಾಲ್ಕನೆಯದು 13. ಮಿತವಾಗಿ ತೆಗೆದ ಚುಕ್ಕೆಗಳು ಹೆಚ್ಚಾಗಿ ಎರಡನೇ ನಂಬರಿಗೇ ಮರೆಯಾಗುವುದನ್ನು ಕಂಡಿದ್ದೇನೆ. ಗೆರೆಗೆ ನಾಲ್ಕನೆಯದಾದರೂ ಬೇಕು, ಗೆರೆ ಅಗಲವಾಗಿದ್ದರೆ ಅದೂ ಸಾಲದು. ಹಿಂದಲೆಯನ್ನೆಲ್ಲ ಸಣ್ಣಗೆ ಹೊಡೆಸುವವರು ಎಫ್‌ಯುಟಿಗೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಮೈಯನ್ನು ಪರೀಕ್ಷಿಸಿ. ತೋಳಿನ ಮೇಲಿನ ಬಿಸಿಜಿ ಲಸಿಕೆಯ ಗುರುತು, ಕಿವಿ ಚುಚ್ಚಿಸಿದ ಜಾಗ, ಹಳೆಯ ಹೊಲಿಗೆ ಇವುಗಳಲ್ಲಿ ಯಾವುದಾದರೂ ಗಂಟುಗಟ್ಟಿ, ಗಾಯದ ಗಡಿ ದಾಟಿ ಬೆಳೆದಿದೆಯೇ? ಅದು ಕೆಲಾಯ್ಡ್. ಅಂಥ ಮೈಯವರು ಅದನ್ನು ವೈದ್ಯರಿಗೆ ತೋರಿಸದೆ ಮುಂದುವರಿಯಬಾರದು. ಆಮೇಲೆ ಎರಡೂ ಅಂಗೈಗಳನ್ನು ಹಿಂದಲೆಗೆ ಒತ್ತಿ ಚರ್ಮವನ್ನು ಮೇಲೆ ಕೆಳಗೆ ಸರಿಸಿ ನೋಡಿ. ಡೋಲಿನ ತೊಗಲಿನಂತೆ ಬಿಗಿಯಾಗಿದ್ದರೆ, ಪಟ್ಟಿ ತೆಗೆದ ಮೇಲೆ ಹೊಲಿಗೆ ಎಳೆತಕ್ಕೆ ಸಿಕ್ಕಿ ಗೆರೆ ಅಗಲವಾಗುವ ಸಂಭವ ಹೆಚ್ಚು.

ವೈದ್ಯರಿಗೆ ಸಂಕೋಚವಿಲ್ಲದೆ ಕೇಳಿ: ಕೊಯ್ಯುವವರು, ಬುಡ ಕೀಳುವವರು ಯಾರು? ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕೊಟ್ಟ ಸೂಚನೆಯಲ್ಲಿ, ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರದಲ್ಲಿ ಕೂತು ಕಲಿತದ್ದು ಈ ಚಿಕಿತ್ಸೆಗೆ ತರಬೇತಿಯಾಗುವುದಿಲ್ಲ ಎಂದಿದೆ. ಹಿಂದಲೆಯಲ್ಲಿ ಎಷ್ಟು ಬುಡ ಉಳಿಯುತ್ತವೆ ಎಂದೂ ಕೇಳಿ, ಏಕೆಂದರೆ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಅಗ್ಗಕ್ಕೆ ಆಸೆಪಟ್ಟು ಒಂದೇ ಸಲ ಬಹಳ ತೆಗೆಸಿಕೊಂಡ ಹಿಂದಲೆಗಳು ನುಸಿ ತಿಂದ ಕಂಬಳಿಯಂತಾಗಿರುವುದನ್ನು ನೋಡಿದ್ದೇನೆ. ಅದಕ್ಕೆ ನನ್ನ ಕತ್ತರಿಯಲ್ಲಿ ಮದ್ದಿಲ್ಲ. ಎಫ್‌ಯುಟಿಯೇ ಆದರೆ, ಅಂಚನ್ನು ಓರೆಯಾಗಿ ತೆಳುಮಾಡಿ ಹೊಲಿಯುವ ಟ್ರೈಕೋಫೈಟಿಕ್ ಹೊಲಿಗೆ ಹಾಕುತ್ತಾರೆಯೇ ಎಂದು ವಿಚಾರಿಸಿ. ಗೆರೆಯ ಮಧ್ಯದಿಂದಲೇ ಕೂದಲು ಮೂಡಿ ಕಲೆಯನ್ನು ಮರೆಸುತ್ತದೆ.

ಬೀಡಿ, ಸಿಗರೇಟು, ಗುಟ್ಕಾ ಮೂರನ್ನೂ ವಾರಗಳ ಮೊದಲೇ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ಸಾಲದ ಗಾಯ ಕೆಟ್ಟದಾಗಿ ಮಾಯುತ್ತದೆ.

ಮನೆಗೆ ಬಂದ ಮೇಲಿನ ಮೊದಲ ವಾರಗಳು ಕಲೆಯ ಮಟ್ಟಿಗೆ ಬಹಳ ಮುಖ್ಯ. ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಆದರೆ ಹೊಲಿಗೆ ಬಿಚ್ಚಿದ ಚರ್ಮ ಗಟ್ಟಿಯಾದ ಚರ್ಮವಲ್ಲ. ದಾಲ್ ಮಿಲ್ಲಿನಲ್ಲಿ ದುಡಿಯುವ ಒಬ್ಬರು ಹದಿನೆಂಟನೆಯ ದಿನಕ್ಕೆ ತೊಗರಿ ಚೀಲ ಎತ್ತಿದರು. ಸುಗ್ಗಿಯ ಕಾಲ, ರಜೆ ಇರಲಿಲ್ಲ. ದಾರದಷ್ಟಿದ್ದ ಗೆರೆ ಆರು ತಿಂಗಳಲ್ಲಿ ಲಾಡಿಯಷ್ಟು ಅಗಲವಾಯಿತು. ಭಾರ ಎತ್ತುವುದು, ಜಿಮ್, ಗದ್ದ ಎದೆಗೆ ತಾಗುವಂತೆ ಕುತ್ತಿಗೆ ಬಗ್ಗಿಸುವುದು ಇವೆಲ್ಲ ಹೊಲಿಗೆಯನ್ನು ಎಳೆಯುತ್ತವೆ. ಆರು ವಾರ ಬೇಡ. ರಜೆ ಸಿಗದಿದ್ದರೆ ಶಸ್ತ್ರಚಿಕಿತ್ಸೆಯನ್ನೇ ಸುಗ್ಗಿಯ ಆಚೆಗೆ ಇಟ್ಟುಕೊಳ್ಳಿ.

ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ. ವೈದ್ಯರು ಹೇಳಿದ ದಿನದಿಂದ ಅವರು ಹೇಳಿದ ಶಾಂಪೂ ಹಚ್ಚಿ, ಮಗ್ಗಿನಿಂದ ನಿಧಾನವಾಗಿ ನೀರು ಸುರಿಯಿರಿ, ತಾನಾಗಿ ಉದುರುತ್ತದೆ. ಅರಿಶಿನ, ಬೂದಿ, ಕೊಬ್ಬರಿ ಎಣ್ಣೆಯನ್ನು ಹಸಿ ಗಾಯಕ್ಕೆ ಹಚ್ಚುವವರು ಈಗಲೂ ಇದ್ದಾರೆ, ದಯವಿಟ್ಟು ಬೇಡ. ಕೀವು, ಜ್ವರ, ದಿನದಿನಕ್ಕೆ ಏರುವ ನೋವು, ಚರ್ಮ ಕಪ್ಪಗಾಗುವುದು ಕಂಡರೆ ಅಂದೇ ವೈದ್ಯರ ಬಳಿ ಹೋಗಿ. ಗೆರೆಯ ಸುತ್ತಲಿನ ಕೂದಲು ಕೆಲವು ವಾರಗಳಲ್ಲಿ ಉದುರಿದರೆ ಗಾಬರಿ ಬೇಡ. ಅದು ಆಘಾತದ ಉದುರುವಿಕೆ, ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಲ್ಲಿ ಮರಳುತ್ತದೆ.

ಗಾಯ ಪೂರ್ತಿ ಮುಚ್ಚಿದ ಮೇಲೆ, ವೈದ್ಯರು ಒಪ್ಪಿದರೆ, ಸಿಲಿಕೋನ್ ಜೆಲ್ ದಿನಕ್ಕೆ ಎರಡು ಸಲ, ಎರಡು ಮೂರು ತಿಂಗಳು. ಕೂದಲಿನ ನಡುವೆ ಸಿಲಿಕೋನ್ ಪಟ್ಟಿ ಅಂಟುವುದಿಲ್ಲ, ಜೆಲ್ಲೇ ಅನುಕೂಲ. ಎಳೆಯ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲು 42 ಡಿಗ್ರಿ ದಾಟುತ್ತದೆ, ಹೊರಗೆ ಹೋಗುವಾಗ ತೆಳು ಹತ್ತಿ ಬಟ್ಟೆ ಇರಲಿ. ಎರಡು ಮೂರು ತಿಂಗಳ ನಂತರವೂ ಕಲೆ ಉಬ್ಬುತ್ತಾ ತುರಿಸುತ್ತಾ ಹೋದರೆ ಉಬ್ಬನ್ನು ತಗ್ಗಿಸುವ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಇದೆ, ಬೇಗ ತೋರಿಸಿದಷ್ಟು ಒಳ್ಳೆಯದು. ಕಲೆ ಪಕ್ವವಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಮನೆಯವರಿಂದ ಮೊಬೈಲಿನಲ್ಲಿ ಹಿಂದಲೆಯ ಫೋಟೊ ತೆಗೆಸಿ.

ಹಳೆಯ ಅಗಲ ಗೆರೆ ಇರುವವರಿಗೂ ದಾರಿಗಳಿವೆ. ಕಲೆಯ ಮೇಲೆಯೇ ಬುಡ ನೆಡಬಹುದು, ಅಲ್ಲಿ ರಕ್ತ ಕಡಿಮೆಯಾದ್ದರಿಂದ ಎಲ್ಲವೂ ಹಿಡಿಯುವುದಿಲ್ಲ. ಮೈಕ್ರೋಪಿಗ್ಮೆಂಟೇಶನ್ ಎಂದು ಹಚ್ಚೆಯಂತೆ ಬಣ್ಣದ ಚುಕ್ಕೆ ಇಡಬಹುದು, ಕೂದಲು ನರೆತಾಗ ಅದು ಎದ್ದು ಕಾಣುತ್ತದೆ ಎಂಬುದು ನೆನಪಿರಲಿ. ಕಲೆಯನ್ನೇ ಕತ್ತರಿಸಿ ಮತ್ತೆ ಹೊಲಿಯಬಹುದು, ಚರ್ಮ ಬಿಗಿಯಾಗಿದ್ದರೆ ಮತ್ತೆ ಅಗಲವಾಗಬಹುದು. ಖರ್ಚಿಲ್ಲದ ದಾರಿ ಕ್ಷೌರವೇ. ಕುರ್ಚಿಯಲ್ಲಿ ಕೂತ ತಕ್ಷಣ ಗೆರೆ ಇದೆ ಎಂದು ಹೇಳಿಬಿಡಿ. ನಾನಾದರೆ ಫೇಡನ್ನು, ಅಂದರೆ ಕುತ್ತಿಗೆಯಿಂದ ಮೇಲಕ್ಕೆ ಹಂತಹಂತವಾಗಿ ಮಾಡುವ ಗಿಡ್ಡ ಕ್ಷೌರವನ್ನು, ಗೆರೆಗಿಂತ ಎರಡು ಬೆರಳು ಕೆಳಗೇ ನಿಲ್ಲಿಸುತ್ತೇನೆ, ಮೇಲೆ ಮಷಿನ್ ಬಿಟ್ಟು ಬಾಚಣಿಗೆ ಕತ್ತರಿಯಲ್ಲೇ ಕೆಲಸ ಮಾಡುತ್ತೇನೆ, ಗೆರೆಯ ಮೇಲಿನ ಕೂದಲನ್ನು ಉದ್ದ ಬಿಟ್ಟು ಕೆಳಕ್ಕೆ ಬೀಳಿಸುತ್ತೇನೆ.

ಆ ಹುಡುಗ ತಿರುಪತಿಯಿಂದ ಬಂದವನೇ ಮತ್ತೆ ಬಂದ. ಬೋಳು ತಲೆಗೆ ಇನ್ನೂ ಗಂಧ ಮೆತ್ತಿತ್ತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಎರಡು ತಿಂಗಳು ಮಷಿನ್ ಮುಟ್ಟಿಸಬೇಡ ಎಂದೆ. ಹಾಗೆಯೇ ಮಾಡಿದ. ಮೂರನೆಯ ತಿಂಗಳು ಕ್ಷೌರ ಮುಗಿಸಿ ಕೈಗನ್ನಡಿ ಹಿಡಿದಾಗ, ಗೆರೆ ಎಲ್ಲಿದೆ ಎಂದು ಅವನೇ ಬೆರಳಿನಿಂದ ಹುಡುಕಿದ.