7 ಕಿಲೊ ಮಿತಿಯೊಳಗೆ ಕ್ಯಾಬಿನ್ ಬ್ಯಾಗ್ ಸಿದ್ಧಪಡಿಸುವುದು

ಮೈಸೂರು, ಮಂಡ್ಯದ ಕಡೆಯಿಂದ ವಿಮಾನ ಹತ್ತುವವರಲ್ಲಿ ಹೆಚ್ಚಿನವರು ಬಸ್ಸಿನಲ್ಲೋ ಕಾರಿನಲ್ಲೋ ದೇವನಹಳ್ಳಿಯವರೆಗೆ ಹೋಗಬೇಕಾಗುತ್ತದೆ. ಬ್ಯಾಗು ಭಾರವಾಯಿತೆಂದು ಅಲ್ಲಿನ ಕೌಂಟರಿನಲ್ಲಿ ಗೊತ್ತಾದರೆ, ತೆಗೆದ ಸಾಮಾನನ್ನು ಮನೆಗೆ ಕೊಟ್ಟು ಕಳುಹಿಸಲು ಜೊತೆಯಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಮಕ್ಕಳನ್ನು ನೋಡಲು ಹೊರಟ ಹಿರಿಯರು ಸರತಿಯಲ್ಲಿದ್ದವರ ಎದುರು ಬ್ಯಾಗು ಬಿಚ್ಚಿ, ಯಾವುದನ್ನು ಬಿಡುವುದೆಂದು ತೋಚದೆ ನಿಲ್ಲುವಂತಾಗಬಾರದು. ತೂಕದ ಲೆಕ್ಕ ಹೊರಡುವ ಹಿಂದಿನ ದಿನವೇ, ಮನೆಯಲ್ಲೇ ಮುಗಿಯಬೇಕು.

ದೇಶದೊಳಗಿನ ವಿಮಾನಗಳ ಎಕಾನಮಿ ದರ್ಜೆಯಲ್ಲಿ ಸಾಮಾನ್ಯವಾಗಿ ಒಂದು ಕ್ಯಾಬಿನ್ ಬ್ಯಾಗಿಗೆ, ಅಂದರೆ ಜೊತೆಯಲ್ಲೇ ವಿಮಾನದೊಳಗೆ ಒಯ್ಯುವ ಬ್ಯಾಗಿಗೆ, 7 ಕಿಲೊ ಮಿತಿಯಿದ್ದು, ಅದರ ಉದ್ದ, ಅಗಲ, ದಪ್ಪ ಮೂರೂ ಸೇರಿ 115 ಸೆಂ.ಮೀ. ಮೀರಬಾರದು. ಎಮಿರೇಟ್ಸ್ ಮತ್ತು ಸಿಂಗಪುರ ಏರ್‌ಲೈನ್ಸ್ ಎಕಾನಮಿಯಲ್ಲಿ 7 ಕಿಲೊ ಬಿಟ್ಟರೆ ಲುಫ್ತಾನ್ಸಾ 8 ಕಿಲೊ ಬಿಡುತ್ತದೆ. ಬೆಂಗಳೂರಿನಿಂದ ಒಂದು ಕಂಪನಿ, ಮುಂದೆ ಇನ್ನೊಂದು ಕಂಪನಿ ಎಂದು ವಿಮಾನ ಬದಲಿಸುವವರು ಎರಡರಲ್ಲಿ ಕಡಿಮೆ ಇರುವ ಮಿತಿಯನ್ನೇ ಹಿಡಿದುಕೊಳ್ಳಬೇಕು. ನಿಮಗೆ ಅನ್ವಯಿಸುವ ಅಂಕಿಯನ್ನು ನಿಮ್ಮ ಟಿಕೆಟ್ಟಿನಲ್ಲೇ ನೋಡಿಕೊಳ್ಳಿ. ನೆರೆಯವರು ಹೋದ ವರ್ಷ ಒಯ್ದದ್ದು ಲೆಕ್ಕಕ್ಕೆ ಬಾರದು.

ಈ 7 ಕಿಲೊದಲ್ಲಿ ಬ್ಯಾಗಿನ ತೂಕವೂ ಸೇರಿದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಚಕ್ರದ ಟ್ರಾಲಿ ಬ್ಯಾಗು ಖಾಲಿಯಿರುವಾಗಲೇ ಎರಡೂವರೆ, ಮೂರು ಕಿಲೊ ತೂಗುವುದುಂಟು. ಆಗ ಸಾಮಾನಿಗೆ ಉಳಿಯುವುದು ನಾಲ್ಕು, ನಾಲ್ಕೂವರೆ ಕಿಲೊ ಮಾತ್ರ. ಬೆನ್ನಿಗೆ ಹಾಕುವ ಬಟ್ಟೆಯ ಬ್ಯಾಗಾದರೆ ಒಂದು ಕಿಲೊದ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಮೊದಲು ಖಾಲಿ ಬ್ಯಾಗನ್ನೇ ತೂಗಬೇಕು. ಕೊಕ್ಕೆಯಿರುವ ಪುಟ್ಟ ಡಿಜಿಟಲ್ ತಕ್ಕಡಿ ಹೆಚ್ಚು ಬೆಲೆಯದಲ್ಲ. ಅದಿಲ್ಲದಿದ್ದರೆ ಮೈತೂಕ ನೋಡುವ ಯಂತ್ರದ ಮೇಲೆ ಬ್ಯಾಗು ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ನಿಂತು ವ್ಯತ್ಯಾಸ ತೆಗೆದರಾಯಿತು. ತಕ್ಕಡಿಯಿಂದ ತಕ್ಕಡಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುವುದರಿಂದ ಆರೂವರೆ ಕಿಲೊಗೇ ನಿಲ್ಲಿಸುವುದು ಕ್ಷೇಮ.

ಇನ್ನು ತುಂಬುವ ಕ್ರಮ. ಕೈಬಿಟ್ಟು ಹೋಗಬಾರದ ವಸ್ತುಗಳಿಗೆ ಮೊದಲ ಜಾಗ: ವೈದ್ಯರ ಚೀಟಿಯೊಂದಿಗೆ ಔಷಧಿ, ಕಾಗದಪತ್ರ, ಒಡವೆ, ಒಂದು ಜೊತೆ ಬಟ್ಟೆ. ಪವರ್ ಬ್ಯಾಂಕನ್ನು ಕೌಂಟರಿನಲ್ಲಿ ಒಪ್ಪಿಸುವ ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲವಾದ್ದರಿಂದ ಅದೂ ಇಲ್ಲೇ ಇರಬೇಕು. 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ಒಳಗಿನದಕ್ಕೆ ವಿಶೇಷ ಅನುಮತಿ ಬೇಕಾಗಿಲ್ಲ. ಸಾಮಾನ್ಯವಾದ 20,000 ಎಂಎಎಚ್ ಪವರ್ ಬ್ಯಾಂಕು ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಲ್ಯಾಪ್‌ಟಾಪನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡರೆ ಬಹಳ ಅನುಕೂಲ. ಉದಾಹರಣೆಗೆ ಇಂಡಿಗೊ ಕ್ಯಾಬಿನ್ ಬ್ಯಾಗಿನ ಜೊತೆಗೆ 3 ಕಿಲೊವರೆಗಿನ ಲ್ಯಾಪ್‌ಟಾಪ್ ಚೀಲ ಅಥವಾ ವ್ಯಾನಿಟಿ ಬ್ಯಾಗಿಗೆ ಅವಕಾಶ ಕೊಡುತ್ತದೆ. ದಪ್ಪ ಸ್ವೆಟರು, ಭಾರದ ಶೂಗಳನ್ನು ಬ್ಯಾಗಿಗೆ ತುರುಕದೆ ಧರಿಸಿಕೊಂಡೇ ಹೋಗಿ.

ನಮ್ಮ ಕಡೆಯವರ ಬ್ಯಾಗು ಭಾರವಾಗುವುದು ಬಟ್ಟೆಯಿಂದಲ್ಲ, ಪ್ರೀತಿಯಿಂದ ಕಟ್ಟಿದ ತಿಂಡಿ ಸಾಮಾನಿನಿಂದ. ಮಂಡ್ಯದ ಬೆಲ್ಲದ ಎರಡು ಅಚ್ಚು, 125 ಗ್ರಾಮಿನ ಎಂಟು ಸ್ಯಾಂಡಲ್ ಸೋಪು, ಒಂದು ಡಬ್ಬಿ ಮೈಸೂರು ಪಾಕು ಸೇರಿದರೆ ಬ್ಯಾಗಿನ ಅರ್ಧ ತೂಕ ಅಲ್ಲಿಗೇ ಮುಗಿಯುತ್ತದೆ. ಇವೆಲ್ಲ ಗಟ್ಟಿ ಪದಾರ್ಥಗಳಾದ್ದರಿಂದ ಚೆಕ್-ಇನ್ ಬ್ಯಾಗಿನಲ್ಲಿ ಸುರಕ್ಷಿತವಾಗಿ ಬರುತ್ತವೆ. ತುಪ್ಪ, ಉಪ್ಪಿನಕಾಯಿಗಳನ್ನೂ ಸೋರದಂತೆ ಕಟ್ಟಿ ಅಲ್ಲಿಗೇ ಹಾಕಿ, ಏಕೆಂದರೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದ್ರವ ಹಾಗೂ ಮೆತ್ತನೆಯ ಪದಾರ್ಥ 100 ಮಿ.ಲೀ. ಮೀರಿದ ಡಬ್ಬಿಯಲ್ಲಿದ್ದರೆ ಭದ್ರತಾ ತಪಾಸಣೆಯಲ್ಲೇ ಉಳಿದುಬಿಡುತ್ತದೆ. ಅಮೆರಿಕದ ವಿಮಾನಗಳಲ್ಲಿ 350 ಮಿ.ಲೀ. ಮೀರಿದ ಪುಡಿಗಳಿಗೆ ಹೆಚ್ಚಿನ ತಪಾಸಣೆ ಇರುವುದರಿಂದ ಸಾರಿನ ಪುಡಿ, ಹುಳಿಪುಡಿಗಳಿಗೂ ಅದೇ ಜಾಗ ಸರಿ.

ಕೊಬ್ಬರಿಯ ವಿಷಯ ಮಾತ್ರ ಬೇರೆ. ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ ಅದನ್ನು ಅಪಾಯಕಾರಿ ವಸ್ತುವೆಂದು ಪರಿಗಣಿಸಲಾಗಿದ್ದು, ನಮ್ಮ ವಿಮಾನ ಕಂಪನಿಗಳು ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಮಗಳಿಗೆ ಮಡಿಲು ತುಂಬಿ ಕಳುಹಿಸುವ ತಾಯಂದಿರು ಇದನ್ನು ಮೊದಲೇ ತಿಳಿದಿರಬೇಕು: ಮಡಿಲು ಮನೆಯಲ್ಲಿ ಶಾಸ್ತ್ರೋಕ್ತವಾಗಿಯೇ ತುಂಬಿ, ಕೊಬ್ಬರಿ ಗಿಟುಕನ್ನು ದೇವರ ಮನೆಯಲ್ಲಿ ಉಳಿಸಿಕೊಂಡು, ಅರಿಶಿನ ಕುಂಕುಮ ಮತ್ತು ರವಿಕೆ ಕಣವನ್ನು ಕೊಟ್ಟು ಕಳುಹಿಸಬಹುದು. ತಪಾಸಣೆಯ ಮೇಜಿನ ಮೇಲೆ ಕೊಬ್ಬರಿಯನ್ನು ಬಿಟ್ಟು ಹೋಗುವ ನೋವು ಮಗಳಿಗೆ ಬೇಡ.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಚಿಕ್ಕದಾದ್ದರಿಂದ ಅಲ್ಲಿಗೆ ಬಂದು ಹೋಗುವವು ಹೆಚ್ಚಾಗಿ ಎಟಿಆರ್ ಎಂಬ ಚಿಕ್ಕ ವಿಮಾನಗಳು. ಅವುಗಳಲ್ಲಿ ತಲೆಯ ಮೇಲಿನ ಕಪಾಟು ಕಿರಿದು. ತೂಕ ಸರಿಯಿದ್ದರೂ ಗಟ್ಟಿ ಟ್ರಾಲಿಯನ್ನು ವಿಮಾನದ ಬಳಿಯೇ ತೆಗೆದುಕೊಂಡು ಕೆಳಗಿನ ಸಾಮಾನಿನೊಂದಿಗೆ ಹಾಕುವ ಸಾಧ್ಯತೆ ಇರುತ್ತದೆ. ಹಾಗಾಗಿ ಪವರ್ ಬ್ಯಾಂಕು, ಔಷಧಿ, ಪಾಸ್‌ಪೋರ್ಟು, ಒಡವೆಗಳನ್ನು ಒಂದೇ ಸಣ್ಣ ಚೀಲದಲ್ಲಿ ಹಾಕಿ ಬ್ಯಾಗಿನ ಬಾಯಿಯ ಬಳಿ ಇಟ್ಟುಕೊಂಡರೆ ಕೇಳಿದ ಕೂಡಲೇ ಅದೊಂದನ್ನು ಎತ್ತಿಕೊಂಡು ಬ್ಯಾಗನ್ನು ಒಪ್ಪಿಸಬಹುದು.

ಇಷ್ಟಾದರೂ ತೂಕ ಮೀರಿದರೆ, ಹೆಚ್ಚುವರಿ ಚೆಕ್-ಇನ್ ತೂಕವನ್ನು ಹೊರಡುವ ಮೊದಲೇ ಕಂಪನಿಯ ಆ್ಯಪಿನಲ್ಲಿ ಕೊಳ್ಳಿ. ಕೌಂಟರಿನ ದರಕ್ಕಿಂತ ಅದು ಸಾಮಾನ್ಯವಾಗಿ ಅಗ್ಗ. ಹಿರಿಯರು ಒಬ್ಬರೇ ಪ್ರಯಾಣಿಸುವುದಾದರೆ ಹಣ ಪಾವತಿಸಿದ ರಸೀದಿಯನ್ನು ಮುದ್ರಿಸಿ ಟಿಕೆಟ್ಟಿನ ಜೊತೆಗೇ ಅವರ ಕೈಗೆ ಕೊಡಿ.