ಗುಂಟೆಗೆ 86 ರೂಪಾಯಿ: ಬರ ಪರಿಹಾರದ ಪಟ್ಟಿಯನ್ನು ನಾನು ತಾಳೆ ನೋಡಿದ ಬಗೆ

ಫಲಾನುಭವಿಗಳ ಪಟ್ಟಿಯನ್ನು ಜಮೀನಿನ ಉತಾರಗಳ (ಪಹಣಿಗಳ) ಜೊತೆ ತಾಳೆ ಹಾಕಿ ಬಿಟ್ಟುಹೋದವರನ್ನು ಹುಡುಕುವುದು ಆಗದ ಕೆಲಸವೆಂದು ಗದಗಿನ ಗೆಳೆಯರು ಹೇಳುತ್ತಿದ್ದುದಕ್ಕೆ ಕಾರಣವಿತ್ತು. ರೋಣ ತಾಲ್ಲೂಕಿನ ನಮ್ಮ ಊರಿನ ಪಟ್ಟಿಯಲ್ಲಿ ಬಸಪ್ಪ, ಮಲ್ಲಪ್ಪ, ಶರಣಪ್ಪರೇ ತುಂಬಿದ್ದಾರೆ. ಒಂದು ದಾಖಲೆಯಲ್ಲಿ ತಂದೆಯ ಹೆಸರಿದ್ದರೆ ಇನ್ನೊಂದರಲ್ಲಿ ಅಡ್ಡಹೆಸರು ಮಾತ್ರ ಇರುತ್ತದೆ. 2023ರ ಮುಂಗಾರಿನ ಬರ ಪರಿಹಾರದ ಮಟ್ಟಿಗೆ ಆ ಕೆಲಸ ಕೈಗೂಡಿತು.

ಶ್ರಮವೆಲ್ಲ ಹೋದದ್ದು ಪಟ್ಟಿಯನ್ನು ಪಡೆಯುವುದಕ್ಕೇ. ಮಾಹಿತಿ ಹಕ್ಕು ಕಾಯ್ದೆಯಡಿ ಹಲವು ಯೋಜನೆಗಳ ಪಟ್ಟಿಯನ್ನು ಒಟ್ಟಿಗೆ ಕೇಳಿದ ಅರ್ಜಿ, ಒಂದೇ ವಿಷಯ ಮತ್ತು 150 ಪದಗಳೆಂಬ ರಾಜ್ಯದ ನಿಯಮದ ಮೇಲೆ ಹಿಂದಿರುಗಿತು. ಬಿಡಿಸಿ ಹಾಕಿದಾಗ ವೈಯಕ್ತಿಕ ಮಾಹಿತಿಯೆಂದು ಅದೇ ಕಾಯ್ದೆಯ 8(1)(ಜೆ) ಕಲಮನ್ನು ತೋರಿಸಿದರು. ಸಹಾಯಧನದ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 4(1)(ಬಿ) ಕಲಮಿನ 12ನೆಯ ಅಂಶವೇ ಹೇಳುತ್ತದೆಂದು ಮೇಲ್ಮನವಿಯಲ್ಲಿ ಎತ್ತಿ, ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳು ನನಗೆ ಬೇಡವೆಂದು ಬರೆದುಕೊಟ್ಟ ಮೇಲೆ ಪಟ್ಟಿ ಬಂದಿತು. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ ಭಾರವೇನಲ್ಲ. ಆದರೆ ಉತಾರ, ಝೆರಾಕ್ಸ್, ಬಸ್ಸಿನ ಖರ್ಚು ಸೇರಿ ಐದಾರು ಸಾವಿರ ಕೈಯಿಂದ ಹೋಗಿರಬೇಕು.

ನಾನು ಹೆಸರನ್ನು ಬದಿಗಿಟ್ಟು ಮೊತ್ತವನ್ನು ಹಿಡಿದೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ದರವೆಂದರೆ ಗುಂಟೆಗೆ ಸುಮಾರು 86 ರೂಪಾಯಿ. ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಕೊಟ್ಟ 2,000 ರೂಪಾಯಿವರೆಗಿನ ಮೊದಲ ಕಂತನ್ನೂ, ಕೇಂದ್ರದ ಹಣ ಬಂದ ಮೇಲೆ ಜಮೆಯಾದ ಬಾಕಿಯನ್ನೂ ಕೂಡಿಸಿ 86ರಿಂದ ಭಾಗಿಸಿದರೆ, ಹಣ ಬಂದದ್ದು ಯಾವ ಬಸಪ್ಪನಿಗೆಂದು ಅವನ ಹೊಲವೇ ಹೇಳುತ್ತದೆ: 10,320 ರೂಪಾಯಿ ಪಡೆದವನದು 120 ಗುಂಟೆ, ಅಂದರೆ ಮೂರು ಎಕರೆ. ಬೆಳೆ ಸಮೀಕ್ಷೆಯಲ್ಲಿ ಹೆಸರುಕಾಳು, ಹತ್ತಿಯ ವಿಸ್ತೀರ್ಣ ಕಡಿಮೆ ದಾಖಲಾಗಿದ್ದರೆ ಲೆಕ್ಕ ಕೂಡುವುದಿಲ್ಲ, ಆದರೆ ಆ ಕೊರತೆಯೂ ತಿಳಿಯಬೇಕಾದ ಸಂಗತಿಯೇ. 2 ಹೆಕ್ಟೇರಿನ ಮಿತಿ ಮುಟ್ಟಿದವರಿಗೆಲ್ಲ 17,000 ರೂಪಾಯಿಯೇ ಇರುವುದರಿಂದ ಅಲ್ಲಿ ಭಾಗಾಕಾರ ನಡೆಯದು. ಅವರನ್ನು ಬೇರ್ಪಡಿಸುವ ದಾರಿ ನನಗೆ ಸಿಕ್ಕಿದೆ, ಸದ್ಯಕ್ಕೆ ಅದು ನನ್ನಲ್ಲಿಯೇ ಇರಲಿ.

ಪಿಎಂ ಕಿಸಾನ್ ಪಟ್ಟಿಗೆ ಇದನ್ನೇ ಹಚ್ಚಲು ಹೋದರೆ ಎಲ್ಲರಿಗೂ 2,000 ರೂಪಾಯಿಯ ಕಂತಾದ್ದರಿಂದ ಏನೂ ಸಿಗಲಿಲ್ಲ. ಕೃಷಿ ಭಾಗ್ಯ ಯೋಜನೆಯ ಕೃಷಿಹೊಂಡಗಳನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿಯೂ ನೋಡಿದೆ: ಬೇಸಿಗೆಯ ಚಿತ್ರದಲ್ಲಿ ಒಣಗಿದ ಹೊಂಡವೂ ಎರೆಹೊಲವೂ ಒಂದೇ ಬಣ್ಣ, ಮಳೆಗಾಲ ಮುಗಿದ ಕೂಡಲೇ ತೆಗೆದ ಚಿತ್ರದಲ್ಲಿ ಮಾತ್ರ ನೀರು ಹೊಳೆಯುತ್ತದೆ. ಅದು ಇನ್ನೂ ಅರ್ಧದಲ್ಲಿದೆ.

ಬರ ಪರಿಹಾರದ ಲೆಕ್ಕದಿಂದ ನಮ್ಮೂರಿನಲ್ಲಿ ಹಣ ಬಾರದೆ ಉಳಿದ ಸುಮಾರು ನಲವತ್ತು ಜಮೀನಿನ ಖಾತೆಗಳು ಹೊರಬಿದ್ದವು. ಕೆಲವರಿಗೆ ಆಧಾರ್ ಬ್ಯಾಂಕಿಗೆ ಜೋಡಣೆಯಾಗಿರಲಿಲ್ಲ, ಕೆಲವರ ಒಂದು ಸರ್ವೆ ನಂಬರು ರೈತರ ನೋಂದಣಿಯ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಸೇರಿರಲಿಲ್ಲ, ಉಳಿದವರ ಹೊಲ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿತ್ತು. ಬೇರೆಯವರ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಮಾಡುವವರು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ, ಏಕೆಂದರೆ ಹಣ ಉತಾರದ ಹಿಂದೆ ಹೋಗುತ್ತದೆ. ಸರ್ವೆ ನಂಬರುವಾರು ಪಟ್ಟಿ ಮಾಡಿ ತಕರಾರು ಅರ್ಜಿ ಕೊಟ್ಟ ಮೇಲೆ ಹೆಚ್ಚುಕಡಿಮೆ ಇಪ್ಪತ್ತೈದು ಖಾತೆಗಳಿಗೆ ಹಣ ಜಮೆಯಾಯಿತು. ಮಿಕ್ಕವು ಹೆಚ್ಚಾಗಿ ವಾರಸಾ ಆಗದವು, ಅಂದರೆ ತಂದೆಯಿಂದ ಮಕ್ಕಳ ಹೆಸರಿಗೆ ವರ್ಗವಾಗದವು, ಅವು ಅಣ್ಣತಮ್ಮಂದಿರ ಸಹಿಗಾಗಿ ಕಾದಿವೆ.