ಟ್ಯಾಬ್ ಕೊಳ್ಳುವ ಮುನ್ನ ನುಡಿ ಕಡತ ತೆರೆದು ನೋಡಿ

ಲ್ಯಾಪ್‌ಟಾಪ್ ಬದಲು ಟ್ಯಾಬ್ ಸಾಕು ಎಂದು ಹೊರಟವರು ರ‍್ಯಾಮ್ ಎಷ್ಟು, ಬೆಲೆ ಎಷ್ಟು ಎಂದು ಕೇಳಿ ಬಿಲ್ ಮಾಡಿಸಿಬಿಡುತ್ತಾರೆ. ಎಡವುವುದು ಅಂಗಡಿಯಲ್ಲಲ್ಲ, ಮನೆಗೆ ಬಂದು ಹಳೆಯ ಕಡತ ತೆರೆದಾಗ.

ಮೊದಲು, ಒಂದು ವಾರ ಲ್ಯಾಪ್‌ಟಾಪ್‌ನಲ್ಲಿ ಏನೇನು ಮಾಡಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ಮೇಲ್, ಬ್ಯಾಂಕ್, ವಿಡಿಯೊ ಕರೆ, ಸಿನಿಮಾ ಇಷ್ಟೇ ಇದ್ದರೆ ಚಿಂತೆಯಿಲ್ಲ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ, ಪೆನ್‌ಡ್ರೈವ್‌ನಂತಿರುವ ಡಿಜಿಟಲ್ ಸಹಿಯ ಟೋಕನ್, ಮ್ಯಾಕ್ರೊ (ಕೆಲಸವನ್ನು ತಾನಾಗಿ ಮಾಡಿಸುವ ಸೂಚನೆಗಳು) ಇರುವ ಎಕ್ಸೆಲ್ ಹಾಳೆ, ಇವುಗಳಲ್ಲಿ ಒಂದಿದ್ದರೂ ಲ್ಯಾಪ್‌ಟಾಪ್ ಬಿಡಬೇಡಿ. ‘ಅದಕ್ಕೂ ಆ್ಯಪ್ ಇದೆ ಸಾರ್’ ಎನ್ನುವ ಅಂಗಡಿಯವರಿಗೆ ಅಲ್ಲೇ ತೆರೆದು ತೋರಿಸಲು ಹೇಳಿ.

ಎರಡನೆಯದು ಕನ್ನಡ ಕಡತ. ಇಲ್ಲಿ ಅವಸರ ಬೇಡ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಿಂದೆ ಟೈಪ್ ಮಾಡಿದ ಕಡತಗಳಲ್ಲಿ ನಿಜವಾಗಿ ಇರುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ವೇಷ ತೊಡಿಸುವುದು ಲ್ಯಾಪ್‌ಟಾಪ್‌ನಲ್ಲಿರುವ ಫಾಂಟ್. ಟ್ಯಾಬ್‌ನಲ್ಲಿ ಆ ಫಾಂಟ್ ಇಲ್ಲ. ಹಾಗಾಗಿ ‘ಕನ್ನಡ’ ಎಂಬ ಪದ ಪಿ, ಪೌಂಡ್ ಚಿಹ್ನೆ, ಕ್ಯೂ, ನಡುನಡುವೆ ನೆತ್ತಿಯ ಮೇಲೆ ಗೀಟು ಹೊತ್ತ ಎ, ಹೀಗೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಟ್ಯಾಬ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ. ಕೆಟ್ಟಿರುವುದು ಏನೂ ಇಲ್ಲ.

ಪರೀಕ್ಷೆ ಸುಲಭ: ಕಡತವನ್ನು ನಿಮ್ಮದೇ ಫೋನಿಗೆ ಕಳಿಸಿ ತೆರೆಯಿರಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಅದು ಯುನಿಕೋಡ್, ಅಂದರೆ ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ, ಟ್ಯಾಬ್‌ನಲ್ಲೂ ಕಾಣುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿರುವಾಗಲೇ ಯುನಿಕೋಡ್‌ಗೆ ಪರಿವರ್ತಿಸಿ. ನುಡಿ, ಬರಹ ಎರಡರಲ್ಲೂ ಅದಕ್ಕೆ ಪರಿವರ್ತಕವಿದೆ. ಇಡೀ ಫೋಲ್ಡರಿನ ಒಂದು ಪ್ರತಿ ಬೇರೆ ಇಡಿ, ಆಮೇಲೆ ಒಂದೇ ಕಡತವನ್ನು ಪರಿವರ್ತಿಸಿ ಕಣ್ಣಾಡಿಸಿ. ನೋಡಬೇಕಾದ್ದು ಅರ್ಕಾವತ್ತು: ‘ಕಾರ್ಯ’, ‘ವರ್ಷ’ದಂತಹ ಪದಗಳು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು. ಈ ಅದಲುಬದಲಿನಲ್ಲಿ ಪರಿವರ್ತಕ ಮುಗ್ಗರಿಸಬಹುದು. ಇನ್ನೊಂದು, ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರು, ಮೇಲ್ ವಿಳಾಸ. ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡಬಹುದು. ಹಾಗಾದರೆ ಅವನ್ನು ಮತ್ತೆ ಕೈಯಾರೆ ಟೈಪ್ ಮಾಡಬೇಕು. ಬರೀ ಓದಿಕೊಳ್ಳುವ ಕಡತವಾದರೆ ಅಡ್ಡದಾರಿ ಇದೆ: ಪಿಡಿಎಫ್ ಮಾಡಿಟ್ಟುಕೊಳ್ಳಿ, ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ. ತಿದ್ದಲು, ಪದ ಹುಡುಕಲು ಮಾತ್ರ ಅದು ಒದಗದು.

ಮೂರನೆಯದು ಕೀಬೋರ್ಡ್. ಅದಿಲ್ಲದ ಟ್ಯಾಬ್ ದೊಡ್ಡ ಫೋನ್ ಅಷ್ಟೇ. ಬೆಲೆಯನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ. ಪರದೆಯ ಮೇಲೆ ಕನ್ನಡ ಮೂಡಿಸುವ ಎಲ್ಲ ಆ್ಯಪ್‌ಗಳೂ ಹೊರಗಿನ ಕೀಬೋರ್ಡ್‌ಗೆ ಮಣಿಯುವುದಿಲ್ಲ. ಅಂಗಡಿಯಲ್ಲೇ ಜೋಡಿಸಿ ‘ಜ್ಞಾನ’, ‘ಕ್ಷೇತ್ರ’ ಎಂದು ಹೊಡೆದು ನೋಡಿ. ತೊಡೆಯ ಮೇಲಿಟ್ಟರೆ ಮುಗ್ಗರಿಸುವ ಅಗ್ಗದ ಬ್ಲೂಟೂತ್ ಕವರ್ ಬೇಡವೇ ಬೇಡ.

ಇನ್ನು ರ‍್ಯಾಮ್ 8 ಜಿಬಿ, ಸ್ಟೋರೇಜ್ 128 ಜಿಬಿ, ಪರದೆ ಸುಮಾರು 11 ಇಂಚು ಇರಲಿ. ರ‍್ಯಾಮ್ ‘8+8’ ಎಂಬ ಜಾಹೀರಾತಿನಲ್ಲಿ ಎರಡನೆಯ 8 ಸ್ಟೋರೇಜಿನಿಂದ ಎರವಲು ತಂದದ್ದು, ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಮಾತು: ಮೈಕ್ರೋಸಾಫ್ಟ್ ಆಫೀಸ್ ಆ್ಯಪ್‌ಗಳಲ್ಲಿ ಬಿಟ್ಟಿಯಾಗಿ ತಿದ್ದಲು ಬಿಡುವುದು 10.1 ಇಂಚಿನವರೆಗಿನ ಪರದೆಯಲ್ಲಿ. ಅದಕ್ಕಿಂತ ದೊಡ್ಡದಾದರೆ ಚಂದಾ ಕಟ್ಟಬೇಕು. ಅದಕ್ಕಾಗಿ ಚಿಕ್ಕ ಪರದೆ ಕೊಂಡು ಕಣ್ಣು ಕೆಡಿಸಿಕೊಳ್ಳುವ ಬದಲು ಗೂಗಲ್ ಡಾಕ್ಸ್ ರೂಢಿಸಿಕೊಳ್ಳಿ.

ಟಿವಿ ಅಥವಾ ಪ್ರೊಜೆಕ್ಟರ್‌ಗೆ ವೈರ್ ಮೂಲಕ ಜೋಡಿಸುವವರು ‘ಡಿಸ್‌ಪ್ಲೇ ಔಟ್‌ಪುಟ್’ ಇದೆಯೇ ಎಂದು ಕೇಳಿ. ಯುಎಸ್‌ಬಿ-ಸಿ ಪೋರ್ಟುಗಳೆಲ್ಲ ನೋಡಲು ಒಂದೇ, ಆದರೆ ಅಗ್ಗದ ಟ್ಯಾಬ್‌ಗಳಲ್ಲಿ ಹಲವು ಚಾರ್ಜಿಂಗ್ ಮತ್ತು ಕಡತ ಸಾಗಿಸಲಷ್ಟೇ. ಹಳೆ ಪೆನ್‌ಡ್ರೈವ್ ತೆರೆಯದಿದ್ದರೆ ಅದು ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಮಾದರಿಯಲ್ಲಿರಬಹುದು. ಲ್ಯಾಪ್‌ಟಾಪ್‌ನಲ್ಲಿ ಅದರೊಳಗಿರುವುದನ್ನು ನಕಲು ಮಾಡಿಕೊಂಡು, ಟ್ಯಾಬ್‌ಗಳು ಸಾಮಾನ್ಯವಾಗಿ ಓದುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಇವೆಲ್ಲ ಮುಗಿಯುವ ತನಕ ಲ್ಯಾಪ್‌ಟಾಪನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.